ಗುಡ್ಡದ ಹುಲ್ಲು ಗದ್ದೆಗೆ ಬಂದ ದಾರಿ

ಮಕ್ಕಳೇ, ಒಂದು ಲೆಕ್ಕದಿಂದ ಪ್ರಾರಂಭಿಸೋಣ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಬಿದ್ದ ನೀರು ಹರಿಯದೆ, ಇಂಗದೆ, ಆರದೆ ಬಿದ್ದಲ್ಲೇ ನಿಂತರೆ ಎಷ್ಟು ಎತ್ತರವಾದೀತು? ಬರೋಬ್ಬರಿ 4 ಮೀಟರ್! ನಿಮ್ಮ ತರಗತಿಯ ಕಿಟಕಿ, ಬಾಗಿಲು ಎಲ್ಲವೂ ಮುಳುಗಿಹೋಗುತ್ತವೆ. ಇದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಬಿಡುತ್ತದೆ.

ಇಷ್ಟು ಮಳೆ ಬೀಳುವ ಊರಿನ ಮಣ್ಣು ಬಹಳ ಫಲವತ್ತಾಗಿರಬೇಕು ಎಂದು ನಿಮಗೆ ಅನ್ನಿಸಬಹುದು. ನಿಜಸಂಗತಿ ಅದಕ್ಕೆ ವಿರುದ್ಧ. ಸಾವಿರಾರು ವರ್ಷಗಳಿಂದ ಸುರಿಯುತ್ತಿರುವ ಮಳೆ ಇಲ್ಲಿನ ಕಲ್ಲು ಮಣ್ಣನ್ನು ತೊಳೆಯುತ್ತಲೇ ಬಂದಿದೆ. ಸುಣ್ಣದ ಅಂಶ, ಪೊಟ್ಯಾಷ್, ಸಿಲಿಕ ಇವೆಲ್ಲ ನೀರಿನಲ್ಲಿ ಕರಗಿ ಹರಿದುಹೋಗಿವೆ. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿದುಕೊಂಡಿವೆ. ಹಳೆಯ ಮೊಳೆಗೆ ತುಕ್ಕು ಹಿಡಿದಾಗ ಯಾವ ಬಣ್ಣ ಬರುತ್ತದೆ? ನಮ್ಮ ಮುರಕಲ್ಲಿನ ಬಣ್ಣವೂ ಅದೇ, ಕಾರಣವೂ ಅದೇ. ಈ ಕಲ್ಲಿಗೆ ವಿಜ್ಞಾನಿಗಳು ಲ್ಯಾಟರೈಟ್ ಎನ್ನುತ್ತಾರೆ. 1800-01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ವೈದ್ಯ ಕೊಟ್ಟ ಹೆಸರಿದು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನಮ್ಮ ಜನ ಮುರಕಲ್ಲನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ನೋಡಿ ಅವನಿಗೆ ಈ ಹೆಸರು ಹೊಳೆಯಿತು.

ಹಾಗಾದರೆ ಇಂಥ ಮಣ್ಣಿನಲ್ಲಿ ನೂರಾರು ವರ್ಷಗಳ ಕಾಲ ಭತ್ತ ಬೆಳೆದದ್ದು ಹೇಗೆ? ರಾಸಾಯನಿಕ ಗೊಬ್ಬರ ನಮ್ಮ ಹಳ್ಳಿಗಳಿಗೆ ಬಂದದ್ದು ತೀರಾ ಈಚೆಗೆ. ಅದಕ್ಕೂ ಮೊದಲು ಗದ್ದೆಗೆ ಸಾರ ಎಲ್ಲಿಂದ ಬರುತ್ತಿತ್ತು? ಗುಡ್ಡದಿಂದ ಬರುತ್ತಿತ್ತು. ತಂದುಕೊಡುತ್ತಿದ್ದದ್ದು ಮೂರಡಿ ಎತ್ತರದ ಒಂದು ದನ.

ಪದವು, ಹಟ್ಟಿ, ಗದ್ದೆ

ಕಾಪುವಿನ ಕಡಲ ತೀರದಿಂದ ಮೂಡುದಿಕ್ಕಿಗೆ, ಕಾರ್ಕಳದ ಕಡೆಗೆ ಹೊರಟರೆ ನೆಲ ಏರುತ್ತ ಇಳಿಯುತ್ತ ಹೋಗುತ್ತದೆ. ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ ಬೈಲು. ಅದಕ್ಕಿಂತ ಸ್ವಲ್ಪ ಮೇಲಿನದು ಮಜಲು. ಅದಕ್ಕೂ ಮೇಲೆ, ಮಳೆಯನ್ನೇ ನಂಬಿದ ಗದ್ದೆ ಬೆಟ್ಟು. ಎಲ್ಲಕ್ಕಿಂತ ಮೇಲೆ, ಗುಡ್ಡದ ನೆತ್ತಿಯಲ್ಲಿ, ಚಪ್ಪಟೆಯಾದ ಮುರಕಲ್ಲಿನ ಬಯಲು. ಅದೇ ಪದವು. ನಿಮ್ಮ ಊರಿನ ಆಸುಪಾಸಿನಲ್ಲಿ ಪದವು ಎಂದು ಕೊನೆಗೊಳ್ಳುವ ಊರಿನ ಹೆಸರು ಇದ್ದೇ ಇರುತ್ತದೆ, ನೆನಪಿಸಿಕೊಳ್ಳಿ.

ಮೇ ತಿಂಗಳ ಮಧ್ಯಾಹ್ನ ಪದವಿನ ಮೇಲೆ ಬರಿಗಾಲಿನಲ್ಲಿ ನಿಲ್ಲಲು ಆಗುವುದಿಲ್ಲ. ಆದರೆ ಮಳೆ ಹಿಡಿದ ಕೆಲವೇ ವಾರಗಳಲ್ಲಿ ಅದೇ ಬಂಡೆಯ ಮೇಲೆ ಬೆರಳುದ್ದದ ಹುಲ್ಲು ಚಿಗುರುತ್ತದೆ. ಸಣ್ಣ ಸಣ್ಣ ಹೂಗಳ ಗಿಡಗಳು, ಕೀಟಗಳನ್ನು ಹಿಡಿದು ತಿನ್ನುವ ಪುಟ್ಟ ಸಸ್ಯಗಳು ಸಹ ಅಲ್ಲಿ ಕಾಣಸಿಗುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಇಳಿಜಾರಿನಲ್ಲಿ ಮುಳಿಹುಲ್ಲು ಎದೆಯೆತ್ತರ ಬೆಳೆದಿರುತ್ತದೆ. ಮನುಷ್ಯರಿಗೆ ಈ ಹುಲ್ಲು ಆಹಾರವಲ್ಲ. ದನಕ್ಕೆ ಆಹಾರ.

ಏಕೆ ಹೀಗೆ? ಹುಲ್ಲಿನಲ್ಲಿರುವ ಸೆಲ್ಯುಲೋಸ್ ಎಂಬ ನಾರನ್ನು ಜೀರ್ಣಿಸುವ ಶಕ್ತಿ ನಮ್ಮ ಹೊಟ್ಟೆಗಿಲ್ಲ. ದನದ ಹೊಟ್ಟೆಗೂ ಇಲ್ಲ! ಆದರೆ ದನದ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ದೊಡ್ಡದಾದ ಮೊದಲನೆಯ ಕೋಣೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಹುಲ್ಲನ್ನು ಕೊಳೆಸಿ ಕರಗಿಸುವ ಕೆಲಸ ಅವುಗಳದ್ದು. ದನ ಮಲಗಿ ಮೆಲುಕು ಹಾಕುವುದೆಂದರೆ ಈ ಕೆಲಸಗಾರರಿಗೆ ಹುಲ್ಲನ್ನು ಇನ್ನಷ್ಟು ನುಣ್ಣಗೆ ಅರೆದುಕೊಡುವುದು.

ಬೆಳಗ್ಗೆ ಹಟ್ಟಿಯಿಂದ ಬಿಟ್ಟ ದನಗಳು ದಿನವಿಡೀ ಪದವಿನಲ್ಲಿ, ಹಾಡಿಯಲ್ಲಿ ಮೇಯ್ದು ಸಂಜೆ ತಾವಾಗಿಯೇ ಮನೆಗೆ ಮರಳುತ್ತಿದ್ದವು. ಕೆಲವು ಕಡೆ ನಾಲ್ಕಾರು ಮನೆಗಳ ದನಗಳನ್ನು ಒಟ್ಟು ಸೇರಿಸಿ ಒಬ್ಬರು ಮೇಯಿಸುತ್ತಿದ್ದರು. ರಾತ್ರಿ ಅವು ಹಟ್ಟಿಯಲ್ಲಿ ಸಗಣಿ ಹಾಕುತ್ತಿದ್ದವು, ಮೂತ್ರ ಮಾಡುತ್ತಿದ್ದವು. ಗುಡ್ಡದ ಹುಲ್ಲಿನ ಸಾರ ಹೀಗೆ ಕಾಲ್ನಡಿಗೆಯಲ್ಲಿ ಮನೆ ಬಾಗಿಲಿಗೆ ಬಂದ ಹಾಗಾಯಿತು. ಲಾರಿ ಬೇಡ, ಡೀಸೆಲ್ ಬೇಡ!

ಹಟ್ಟಿಯಲ್ಲಿ ಇನ್ನೊಂದು ಜಾಣ ಕೆಲಸ ನಡೆಯುತ್ತಿತ್ತು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ತರಗೆಲೆ ತಂದು ದನಗಳ ಕಾಲಡಿಗೆ ದಪ್ಪವಾಗಿ ಹಾಸುತ್ತಿದ್ದರು. ದನಕ್ಕೆ ಮೆತ್ತಗಿನ ಹಾಸಿಗೆಯಾಗಲಿ ಎಂದಷ್ಟೇ ಅಲ್ಲ. ಸಸ್ಯಗಳಿಗೆ ಬೇಕಾದ ಸಾರಜನಕ ಸಗಣಿಯಲ್ಲಿ ಶೇಕಡಾ 0.4ರಷ್ಟು ಇದ್ದರೆ ಮೂತ್ರದಲ್ಲಿ ಶೇಕಡಾ 1ರಷ್ಟು ಇರುತ್ತದೆ. ಮೂತ್ರ ಹರಿದುಹೋದರೆ ಸಾರದ ದೊಡ್ಡ ಪಾಲೇ ಹೋದಂತೆ. ಸೊಪ್ಪಿನ ಹಾಸು ಅದನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹಾಸು ದಪ್ಪವಾದಾಗ ತೆಗೆದು ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಅಲ್ಲಿ ಕೊಳೆತು ಕಪ್ಪಾದ ಗೊಬ್ಬರ ಮಳೆಗಾಲಕ್ಕೆ ಮುಂಚೆ ಬುಟ್ಟಿ ಬುಟ್ಟಿಯಾಗಿ ಗದ್ದೆಗೆ ಹೋಗುತ್ತದೆ. ಗದ್ದೆಯ ಬೈಹುಲ್ಲು ಮತ್ತೆ ದನಕ್ಕೆ ಬರುತ್ತದೆ.

ಸೊಪ್ಪು ತರುವುದೆಲ್ಲಿಂದ? ಅದಕ್ಕೂ ಕರಾವಳಿಯಲ್ಲಿ ಒಂದು ಏರ್ಪಾಡು ಇತ್ತು. ಸಾಗುವಳಿ ಭೂಮಿಗೆ ತಾಗಿಕೊಂಡ ಸರಕಾರಿ ಜಾಗದಲ್ಲಿ ಆ ಭೂಮಿಯ ರೈತ ಸೊಪ್ಪು, ಸೌದೆ ತರಬಹುದು, ದನ ಮೇಯಿಸಬಹುದು, ಆದರೆ ಜಾಗ ಅವನದಲ್ಲ. ಇದಕ್ಕೆ ಕುಮ್ಕಿ ಎನ್ನುತ್ತಾರೆ. ನಿಮ್ಮ ಅಜ್ಜನಿಗೆ ಈ ಪದ ಚೆನ್ನಾಗಿ ಗೊತ್ತಿರುತ್ತದೆ.

ಮೂರಡಿಯ ದನ

ಈ ದನದ ಹೆಸರು ಮಲೆನಾಡು ಗಿಡ್ಡ. ನಮ್ಮಲ್ಲಿ ಊರದನ ಎಂದೇ ಕರೆಯುತ್ತಾರೆ. ವರ್ಷಕ್ಕೊಂದು ಕರು ಹಾಕುತ್ತದೆಂದು ವರ್ಷಗಂಧಿ ಎಂಬ ಹೆಸರೂ ಇದೆ. ಪಶ್ಚಿಮ ಘಟ್ಟದ ಎರಡೂ ಮಗ್ಗುಲಿನಲ್ಲಿ, ಅಂದರೆ ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳಲ್ಲಿ ಇದು ಕಂಡುಬರುತ್ತದೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಸಂಸ್ಥೆಯೊಂದು ದೇಶದ ಜಾನುವಾರು ತಳಿಗಳನ್ನು ಪರಿಶೀಲಿಸಿ ನೋಂದಾಯಿಸುತ್ತದೆ. ಅಮೃತಮಹಲ್, ಹಳ್ಳಿಕಾರ್, ಕೃಷ್ಣಾ ಕಣಿವೆ ಮುಂತಾದ ತಳಿಗಳ ಸಾಲಿನಲ್ಲಿ ನಮ್ಮ ಗಿಡ್ಡನ ಹೆಸರೂ ಅಲ್ಲಿ ದಾಖಲಾಗಿದೆ.

ಹಸುವಿನ ತೂಕ ಸುಮಾರು 100 ಕಿಲೋ. ಪೂರ್ತಿ ಬೆಳೆದ ಒಂದು ಹೋಲ್‌ಸ್ಟೀನ್ ಹಸು ಸುಮಾರು 600 ಕಿಲೋ ತೂಗುತ್ತದೆ. ಆರು ಗಿಡ್ಡಗಳು ಒಂದು ಹೋಲ್‌ಸ್ಟೀನ್‌ಗೆ ಸಮ! ಇಷ್ಟು ಸಣ್ಣ ಗಾತ್ರ ದನಕ್ಕೊಂದು ಕೊರತೆ ಎಂದು ಬಹಳ ಕಾಲ ಜನ ತಿಳಿದಿದ್ದರು. ಆದರೆ ನಮ್ಮ ಊರಿನ ಹವೆಗೆ ಅದೇ ಅನುಕೂಲ. ಹೇಗೆಂದು ನೋಡೋಣ.

1 ಸೆಂಟಿಮೀಟರ್ ಅಳತೆಯ ಒಂದು ಘನ ತೆಗೆದುಕೊಳ್ಳಿ. ಅದಕ್ಕೆ ಆರು ಮುಖಗಳು. ಹೊರಮೈ 6 ಚದರ ಸೆಂಟಿಮೀಟರ್, ಒಳಗಾತ್ರ 1 ಘನ ಸೆಂಟಿಮೀಟರ್. ಈಗ 2 ಸೆಂಟಿಮೀಟರ್ ಅಳತೆಯ ಘನ ನೋಡಿ. ಹೊರಮೈ 24, ಒಳಗಾತ್ರ 8. ಅಂದರೆ ಸಣ್ಣ ಘನದಲ್ಲಿ ಒಳಗಿನ ಒಂದು ಪಾಲಿಗೆ ಹೊರಮೈ ಆರು ಪಾಲು, ದೊಡ್ಡದರಲ್ಲಿ ಮೂರೇ ಪಾಲು. ದನದ ಮೈಯ ಶಾಖ ಹುಟ್ಟುವುದು ಒಳಗೆ, ಹೊರಗೆ ಹೋಗುವುದು ಚರ್ಮದ ಮೂಲಕ. ಸಣ್ಣ ದೇಹಕ್ಕೆ ತನ್ನ ತೂಕಕ್ಕೆ ಹೋಲಿಸಿದರೆ ಚರ್ಮ ಹೆಚ್ಚು. ಆದ್ದರಿಂದ ಅದು ಬೇಗ ತಂಪಾಗುತ್ತದೆ.

ಮನೆಯಲ್ಲಿ ದೊಡ್ಡ ಬಟಾಟೆ ಒಂದು, ಪುಟ್ಟ ಬಟಾಟೆ ಒಂದು ಒಟ್ಟಿಗೆ ಬೇಯಿಸಲು ಹೇಳಿ. ನೀರಿನಿಂದ ತೆಗೆದು ತಟ್ಟೆಯಲ್ಲಿಟ್ಟು ಹತ್ತು ನಿಮಿಷದ ನಂತರ ಮುಟ್ಟಿ ನೋಡಿ. ಯಾವುದು ಮೊದಲು ಆರಿತು?

ಕರಾವಳಿಯಲ್ಲಿ ಇದು ಇನ್ನೂ ಮುಖ್ಯ. ಇಲ್ಲಿನ ಗಾಳಿಯಲ್ಲಿ ತೇವ ಬಹಳ. ಬೆವರು ಬೇಗ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದೂ ಇಲ್ಲ. ಮೇ ತಿಂಗಳಲ್ಲಿ ಉಡುಪಿಯಲ್ಲಿ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದಲ್ಲ, ಅದೇ ಕಷ್ಟ ದನಕ್ಕೂ ಇದೆ. ಮೇಲಾಗಿ ಹೆಚ್ಚು ತಿಂದು ಹೆಚ್ಚು ಹಾಲು ತಯಾರಿಸುವ ಹಸುವಿನ ಮೈಯೊಳಗೆ ಶಾಖವೂ ಹೆಚ್ಚು ಹುಟ್ಟುತ್ತದೆ. ತಂಪು ದೇಶದಿಂದ ಬಂದ ತಳಿಗಳು ಸೆಕೆಗಾಲದಲ್ಲಿ ಮೇವು ಬಿಡುವುದು, ಹಾಲು ಇಳಿಸುವುದು ಇದೇ ಕಾರಣಕ್ಕೆ. ಅವುಗಳ ಹಟ್ಟಿಯಲ್ಲಿ ಫ್ಯಾನ್ ತಿರುಗುವುದನ್ನು ನೀವು ನೋಡಿರಬಹುದು.

ಹಾಲಿನ ಮಾತಿಗೆ ಬಂದರೆ ಗಿಡ್ಡ ಸೋಲುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ದಿನಕ್ಕೆ ಒಂದೆರಡು ಲೀಟರ್ ಕೊಟ್ಟರೆ ಹೆಚ್ಚು. ಮಿಶ್ರತಳಿ ಹಸು ಹತ್ತು ಲೀಟರ್ ಸುಲಭವಾಗಿ ಕೊಡುತ್ತದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಾಲು ಒಕ್ಕೂಟದ ಸಂಘಗಳಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದ ತಾಯಂದಿರು ಸಾವಿರಾರು. ಅವರಿಗೆ ಮಿಶ್ರತಳಿ ಬೇಡವೆಂದು ಹೇಳಲು ನಾವು ಯಾರು? ಆದರೆ ಹಾಲನ್ನು ಮಾತ್ರ ಅಳೆದು ದನಕ್ಕೆ ಬೆಲೆ ಕಟ್ಟಿದಾಗ ಗೊಬ್ಬರ ಲೆಕ್ಕದಿಂದ ಬಿಟ್ಟುಹೋಯಿತು. ಮೇವಿನ ಖರ್ಚೂ ಬಿಟ್ಟುಹೋಯಿತು. 100 ಕಿಲೋ ದನಕ್ಕೆ ದಿನಕ್ಕೆ ಎರಡೂವರೆ, ಮೂರು ಕಿಲೋ ಒಣಮೇವಿನಷ್ಟು ಆಹಾರ ಸಾಕು, ಅದರಲ್ಲೂ ಹೆಚ್ಚಿನದನ್ನು ಗುಡ್ಡದಿಂದಲೇ ತಿಂದು ಬರುತ್ತದೆ. ದೊಡ್ಡ ಹಸುವಿಗೆ ಹಿಂಡಿಯನ್ನು ಪೇಟೆಯಿಂದ ತರಬೇಕು.

ಊರದನಕ್ಕೆ ಯಾವ ರೋಗವೂ ಬರುವುದಿಲ್ಲ ಎಂದು ಕೆಲವರು ಹೇಳುವುದುಂಟು. ಅದು ಅತಿಯಾದ ಮಾತು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹರಡಿದಾಗ ನಾಟಿ ದನಗಳೂ ನರಳಿದವು. ಕಾಲುಬಾಯಿ ಜ್ವರದ ಲಸಿಕೆ ಎಲ್ಲ ದನಗಳಿಗೂ ಬೇಕು.

ಘಟ್ಟದ ಮೇಲೆ ಕುರಿಮಂದೆ

ಸಾರವನ್ನು ಪ್ರಾಣಿಯ ಕಾಲಿನಿಂದ ಹೊರಿಸುವ ಈ ಉಪಾಯ ನಮ್ಮ ಕರಾವಳಿಯದು ಮಾತ್ರವಲ್ಲ. ಉತ್ತರ ಕರ್ನಾಟಕದಲ್ಲಿ ಕುರುಬ ಸಮುದಾಯದವರು ದಖನಿ ಕುರಿಗಳ ಹಿಂಡಿನೊಡನೆ ತಿಂಗಳುಗಟ್ಟಲೆ ಊರಿಂದೂರಿಗೆ ನಡೆಯುತ್ತಾರೆ. ಬೆಳೆ ಕೊಯ್ದ ಹೊಲದಲ್ಲಿ ರಾತ್ರಿ ಮಂದೆಯನ್ನು ತಂಗಿಸುತ್ತಾರೆ. ಕುರಿಗಳಿಗೆ ಕೂಳೆ ಮೇವು, ಹೊಲಕ್ಕೆ ಹಿಕ್ಕೆಯ ಗೊಬ್ಬರ. ಅದಕ್ಕಾಗಿ ಹೊಲದವರು ಕುರಿಗಾರರಿಗೆ ಕಾಳು ಇಲ್ಲವೆ ಹಣ ಕೊಡುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಗೌಳಿಗರು ಎಮ್ಮೆ ಸಾಕುತ್ತಾರೆ. ಇಂಥ ಜನರು ಪ್ರಪಂಚದ ಹಲವು ಖಂಡಗಳ ಒಣನಾಡು, ಗುಡ್ಡನಾಡುಗಳಲ್ಲಿದ್ದಾರೆ. ವಿಶ್ವಸಂಸ್ಥೆ 2026ನೆಯ ವರ್ಷವನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದ್ದು ಅವರಿಗಾಗಿಯೇ.

ಒಂದು ವ್ಯತ್ಯಾಸವಿದೆ. ಕುರುಬರ ಮಂದೆ ದೂರ ನಡೆಯುತ್ತದೆ. ನಮ್ಮ ದನ ಮನೆಯಿಂದ ಗುಡ್ಡಕ್ಕೆ, ಗುಡ್ಡದಿಂದ ಮನೆಗೆ ಮಾತ್ರ. ಆದ್ದರಿಂದ ಆ ಒಂದು ಗುಡ್ಡ ಇಲ್ಲವಾದರೆ ಅದಕ್ಕೆ ಬೇರೆ ದಾರಿಯಿಲ್ಲ.

ಗುಡ್ಡಕ್ಕೆ ಏನಾಯಿತು?

ಮಣಿಪಾಲದ ಹೆಸರು ಮಣ್ಣುಪಳ್ಳ ಎಂಬ ಕೆರೆಯಿಂದ ಬಂದದ್ದು. ಕೆರೆ ಇಂದೂ ಇದೆ. ಆದರೆ 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಪ್ರಾರಂಭಿಸಿದಾಗ ಸುತ್ತ ಇದ್ದದ್ದು ಬೋಳು ಮುರಕಲ್ಲಿನ ಗುಡ್ಡ. ಈಗ ಅಲ್ಲಿ ದೊಡ್ಡ ಪಟ್ಟಣವಿದೆ. ಆಸ್ಪತ್ರೆ, ಕಾಲೇಜು ಎಲ್ಲರಿಗೂ ಬೇಕಾದವುಗಳೇ. ಆದರೆ ಬೋಳುಗುಡ್ಡ ಎಂದರೆ ಯಾರಿಗೂ ಬೇಡದ ಜಾಗ ಎಂಬ ತಿಳುವಳಿಕೆ ಜಿಲ್ಲೆಯಲ್ಲೆಲ್ಲ ಹರಡಿತು. ಕೆಲವು ಪದವುಗಳು ಕಲ್ಲುಕೋರೆಗಳಾದವು. ಕೆಲವುಗಳ ಮೇಲೆ ಸಾಲಾಗಿ ಅಕೇಶಿಯ ನೆಟ್ಟರು. ಅಕೇಶಿಯ ಹಸಿರಾಗಿ ಕಾಣುತ್ತದೆ ನಿಜ. ಆದರೆ ದನ ಅದರ ಎಲೆಯನ್ನು ಮುಟ್ಟುವುದಿಲ್ಲ. ಒತ್ತಾಗಿ ಬಿದ್ದ ಒಣ ಎಲೆಯ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ.

ದನ ಮೇಯಿಸುತ್ತಿದ್ದ ಮಕ್ಕಳು ಶಾಲೆಗೆ ಬಂದರು. ಇದು ಬಹಳ ಒಳ್ಳೆಯ ಬದಲಾವಣೆ, ಹಿಂದಕ್ಕೆ ಹೋಗಬೇಕಾಗಿಲ್ಲ. ಉಳುಮೆಗೆ ಟಿಲ್ಲರ್ ಬಂತು, ಎತ್ತು ಬೇಡವಾಯಿತು. ಕುಳ್ಳಗಿನ ಹೊಸ ಭತ್ತದ ತಳಿಗಳಲ್ಲಿ ಬೈಹುಲ್ಲು ಕಡಿಮೆ. ಕೃತಕ ಗರ್ಭಧಾರಣೆಗೆ ಹೊರದೇಶದ ತಳಿಗಳ ವೀರ್ಯವನ್ನೇ ಹೆಚ್ಚಾಗಿ ಬಳಸಿದ್ದರಿಂದ ಊರಿನಲ್ಲಿ ಗಿಡ್ಡ ತಳಿಯ ಹೋರಿಗಳು ಅಪರೂಪವಾದವು. ಒಂದೊಂದೂ ಸಣ್ಣ ಬದಲಾವಣೆ. ಎಲ್ಲ ಸೇರಿ ಹಟ್ಟಿ ಖಾಲಿಯಾಯಿತು.

ಮಳೆ ಬದಲಾದಾಗ

2020ರ ಸೆಪ್ಟೆಂಬರ್ 20ರಂದು ಉಡುಪಿಯವರು ಬೆಳಗ್ಗೆ ಎದ್ದಾಗ ಬೀದಿಗಳಲ್ಲಿ ದೋಣಿ ಬಿಡುವಷ್ಟು ನೀರಿತ್ತು. ಒಂದೇ ದಿನದಲ್ಲಿ 300 ಮಿಲಿಮೀಟರಿಗೂ ಹೆಚ್ಚು ಮಳೆ. ತೆನೆ ಬಂದ ಭತ್ತ ನೀರಿನಡಿ ಮಲಗಿತು. ಅದಕ್ಕೂ ಹಿಂದಿನ ವರ್ಷ, 2019ರ ಮೇ ತಿಂಗಳಲ್ಲಿ, ಇದೇ ಉಡುಪಿ ನಗರಕ್ಕೆ ಕುಡಿಯುವ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿಹೋಗಿತ್ತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು.

ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದರೆ ಒಮ್ಮೆಲೇ ಸುರಿಯುತ್ತದೆ, ನಡುವೆ ಬಿಡುವು ದೀರ್ಘವಾಗುತ್ತದೆ. ಇಂಥ ಮಳೆಯನ್ನು ತಾಳಿಕೊಳ್ಳಲು ಎರಡು ಬೇಕು. ಒಂದು, ತಾಳುವ ಬೀಜ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ 'ಸಹ್ಯಾದ್ರಿ ಪಂಚಮುಖಿ' ಎಂಬ ಕೆಂಪಕ್ಕಿಯ ತಳಿ ನೆರೆನೀರನ್ನು ಕೆಲವು ದಿನ ಸಹಿಸಿಕೊಳ್ಳುತ್ತದೆ. ಎರಡು, ತಾಳುವ ಮಣ್ಣು. ಇಲ್ಲಿಯೇ ನಮ್ಮ ಹಟ್ಟಿಗೊಬ್ಬರದ ಮಾತು ಮತ್ತೆ ಬರುತ್ತದೆ.

25 ಕಿಲೋದ ಒಂದು ಬುಟ್ಟಿ ಹಟ್ಟಿಗೊಬ್ಬರದಲ್ಲಿ ಸಾರಜನಕ ಇರುವುದು ಸುಮಾರು 125 ಗ್ರಾಂ. ಅಷ್ಟೇ ಸಾರಜನಕ 270 ಗ್ರಾಂ ಯೂರಿಯಾದಲ್ಲಿ ಸಿಗುತ್ತದೆ. ಹಾಗಿದ್ದರೆ ಬುಟ್ಟಿ ಹೊತ್ತು ತಲೆನೋವು ಮಾಡಿಕೊಳ್ಳುವುದೇಕೆ? ಯೂರಿಯಾ ನೀರಿನಲ್ಲಿ ಸಕ್ಕರೆಯಂತೆ ಕರಗುತ್ತದೆ. ನಮ್ಮ ಮಳೆಗೆ ಅದರ ಒಂದು ಪಾಲು ಹೊಳೆಗೆ ಹೋಗುತ್ತದೆ. ಹಟ್ಟಿಗೊಬ್ಬರದ ಸಾರ ಮೆಲ್ಲನೆ ಬಿಡುಗಡೆಯಾಗುತ್ತದೆ. ಅಲ್ಲದೆ ಅದರಲ್ಲಿರುವ ಕೊಳೆತ ಸೊಪ್ಪು, ನಾರು ಮಣ್ಣಿನ ಕಣಗಳನ್ನು ಅಂಟಿಸಿ ನಡುವೆ ಸಣ್ಣ ಸಣ್ಣ ತೂತುಗಳನ್ನು ಉಂಟುಮಾಡುತ್ತದೆ. ಮಳೆ ಬಂದಾಗ ನೀರು ಇಳಿಯುತ್ತದೆ, ಬಿಡುವಿನಲ್ಲಿ ತೇವ ಉಳಿಯುತ್ತದೆ.

ನಂಬಿಕೆ ಬಾರದಿದ್ದರೆ ಮಾಡಿ ನೋಡಿ. ಎರಡು ಪ್ಲಾಸ್ಟಿಕ್ ಬಾಟಲಿಗಳ ತಳವನ್ನು ಹಿರಿಯರಿಂದ ಕತ್ತರಿಸಿಕೊಳ್ಳಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿ. ಒಂದರಲ್ಲಿ ಗುಡ್ಡದ ಬರೀ ಕೆಂಪು ಮಣ್ಣು, ಇನ್ನೊಂದರಲ್ಲಿ ಅದೇ ಮಣ್ಣಿಗೆ ಕಾಲು ಭಾಗ ಹಳೆಯ ಹಟ್ಟಿಗೊಬ್ಬರ ಬೆರೆಸಿ ತುಂಬಿಸಿ. ಎರಡೂ ಚೆನ್ನಾಗಿ ಒಣಗಿರಲಿ. ಎರಡಕ್ಕೂ ಒಂದೊಂದು ಲೋಟ ನೀರು ಹೊಯ್ದು ಕೆಳಗೆ ಎಷ್ಟು ಇಳಿಯಿತು, ಯಾವ ಬಣ್ಣದಲ್ಲಿ ಇಳಿಯಿತು ಅಳೆಯಿರಿ. ನಾಲ್ಕು ದಿನ ನೆರಳಿನಲ್ಲಿಟ್ಟು ಯಾವ ಮಣ್ಣು ಮೊದಲು ಒಣಗುತ್ತದೆಂದು ಬೆರಳಿಟ್ಟು ನೋಡಿ.

ದನದ ವಿರುದ್ಧವೂ ಒಂದು ಆರೋಪವಿದೆ, ಕೇಳಿರಬಹುದು. ಮೆಲುಕು ಹಾಕುವ ಪ್ರಾಣಿಗಳು ತೇಗಿದಾಗ ಮೀಥೇನ್ ಅನಿಲ ಹೊರಬರುತ್ತದೆ. ಅದು ಭೂಮಿಯನ್ನು ಬಿಸಿ ಮಾಡುವ ಅನಿಲ. ಈ ಮಾತು ನಿಜ. ಗಿಡ್ಡ ತಿನ್ನುವುದು ಕಡಿಮೆಯಾದ್ದರಿಂದ ಒಂದು ದನ ಬಿಡುವ ಮೀಥೇನ್ ಕಡಿಮೆ. ಆದರೆ ಒಂದು ಲೀಟರ್ ಹಾಲಿಗೆ ಎಷ್ಟು ಎಂದು ಲೆಕ್ಕ ಹಾಕಿದರೆ ಗಿಡ್ಡನದೇ ಹೆಚ್ಚು. ಅದಕ್ಕೇ ಹಾಲಿನ ಜೊತೆ ಗೊಬ್ಬರವನ್ನೂ ಸೇರಿಸಿ ಲೆಕ್ಕ ಹಾಕಬೇಕೆಂದು ಮೇಲೆ ಹೇಳಿದ್ದು. ಹಾಗೆಯೇ ಒಂದು ಗುಡ್ಡ ಹೊರಲಾರದಷ್ಟು ದನಗಳನ್ನು ಬಿಟ್ಟರೆ ಹುಲ್ಲು ಬೇರು ಸಮೇತ ಹೋಗುತ್ತದೆ, ಗೊರಸಿನ ತುಳಿತಕ್ಕೆ ಮಣ್ಣು ಗಟ್ಟಿಯಾಗುತ್ತದೆ.

ಎಷ್ಟು ದನಕ್ಕೆ ಎಷ್ಟು ಜಾಗ? 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹಳ್ಳಿಯ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಎಂಬ ಅಳತೆ ಹಾಕಿಕೊಟ್ಟವು.

ಕಳೆದುಹೋಗುತ್ತಿದ್ದ ತಳಿಯನ್ನು ಉಳಿಸಿದ ಉದಾಹರಣೆ ನೆರೆಯ ಕೇರಳದಲ್ಲಿದೆ. ಅಲ್ಲಿನ ವೆಚೂರ್ ಎಂಬ ಗಿಡ್ಡ ತಳಿ ಇನ್ನೇನು ಮುಗಿಯಿತು ಎನ್ನುವಾಗ, 1989ರಲ್ಲಿ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಶೋಶಮ್ಮ ಐಪ್ ತಮ್ಮ ವಿದ್ಯಾರ್ಥಿಗಳೊಡನೆ ಹಳ್ಳಿ ಹಳ್ಳಿ ಸುತ್ತಿ ಉಳಿದ ದನಗಳನ್ನು ಹುಡುಕಿ ಒಟ್ಟುಗೂಡಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಕನ್ನಡಿಗರು ಬಹಳವಾಗಿರುವ ಕಾಸರಗೋಡಿನಲ್ಲಿಯೂ ಅಲ್ಲಿನದೇ ಗಿಡ್ಡ ತಳಿಗಾಗಿ ಬದಿಯಡ್ಕದ ಬಳಿಯ ಬೇಳದಲ್ಲಿ ಸರಕಾರಿ ಸಾಕಣೆ ಕೇಂದ್ರವಿದೆ. ಇತ್ತೀಚೆಗೆ ಪೇಟೆಯವರು ಪುಂಗನೂರಿನಂಥ ಗಿಡ್ಡ ಹಸುಗಳನ್ನು ಭಾರೀ ಬೆಲೆಗೆ ಕೊಂಡು ಅಂಗಳದಲ್ಲಿ ಮುದ್ದಿಗೆ ಸಾಕುತ್ತಿದ್ದಾರೆ. ಗುಡ್ಡ ಹತ್ತಿ ಮೇಯುವ ದನಕ್ಕೆ ಇದರಿಂದ ಏನು ಲಾಭವೋ ತಿಳಿಯದು.

ನಿಮ್ಮ ಊರಿನ ನಕ್ಷೆ

ನಾಲ್ಕೈದು ಮಂದಿ ಗುಂಪಾಗಿ ಅರುವತ್ತು ದಾಟಿದ ಹಿರಿಯರನ್ನು ಮಾತನಾಡಿಸಿ. ಅವರು ಚಿಕ್ಕವರಿದ್ದಾಗ ದನ ಮೇಯುತ್ತಿದ್ದ ಪದವು ಯಾವುದು? ದನ ನೀರು ಕುಡಿಯುತ್ತಿದ್ದ ಪಳ್ಳ, ಮದಗ ಎಲ್ಲಿತ್ತು? ಮನೆಯಲ್ಲಿ ಎಷ್ಟು ದನಗಳಿದ್ದವು, ಈಗ ಎಷ್ಟು? ಸೊಪ್ಪು ತರುತ್ತಿದ್ದ ಹಾಡಿಯಲ್ಲಿ ಈಗ ಏನಿದೆ? ದೊಡ್ಡ ಹಾಳೆಯ ಮೇಲೆ ಊರಿನ ನಕ್ಷೆ ಬರೆದು ಆ ಜಾಗಗಳಿಗೆ ಅವರು ಹೇಳಿದ ಹೆಸರನ್ನೇ ಬರೆಯಿರಿ. ಹುಲ್ಲು ಇರುವ ಜಾಗಕ್ಕೆ ಹಸಿರು, ಅಕೇಶಿಯಕ್ಕೆ ಹಳದಿ, ಕಟ್ಟಡಕ್ಕೆ ಕೆಂಪು, ಕೋರೆಗೆ ಕಪ್ಪು ಬಣ್ಣ ಹಾಕಿ. ಊರಿನ ದನಗಳನ್ನು ಎಣಿಸಿ, ಮೇಲೆ ಹೇಳಿದ 12 ಹೆಕ್ಟೇರಿನ ಅಳತೆಯಂತೆ ಎಷ್ಟು ಗೋಮಾಳ ಬೇಕೆಂದು ಲೆಕ್ಕ ಮಾಡಿ. ಒಂದು ಎಚ್ಚರಿಕೆ: ನೀರು ತುಂಬಿದ ಕಲ್ಲುಕೋರೆಗಳ ಅಂಚಿಗೆ ಹೋಗಬೇಡಿ, ಅವು ಬಹಳ ಆಳ. ದೂರದಿಂದಲೇ ಗುರುತು ಹಾಕಿಕೊಳ್ಳಿ. ನಕ್ಷೆ ಸಿದ್ಧವಾದ ಮೇಲೆ ಅದನ್ನು ನಿಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಒಯ್ದು, ಹಸಿರು ಬಣ್ಣದ ಜಾಗಗಳು ಪಂಚಾಯಿತಿಯ ದಾಖಲೆಯಲ್ಲಿ ಏನೆಂದು ಬರೆದಿವೆ ಎಂದು ಕೇಳಿ.